ಪದಚರ್ಚೆ: ಎಡಿಟರಿನ ‘ವಿಂಡೋ’ ಮತ್ತು ‘ರೀಡಿಸ್‌ಪ್ಲೇ’ಗಳಿಗೆ ಯಾವ ಪದ?

ಪ್ರಶ್ನೆ:
ಮಾನ್ಯರೇ, ಪಠ್ಯವನ್ನು ಬರೆದು ತಿದ್ದಲು ಬಳಸುವ ‘ಈಮ್ಯಾಕ್ಸ್’ ಎಂಬ ಎಡಿಟರಿನ ಪರಿಭಾಷೆಯನ್ನೇ ಬಳಸುವ ಒಂದು ಮುಕ್ತ ತಂತ್ರಾಂಶದ ಎಡಿಟರಿನಲ್ಲಿ ದೋಷವೊಂದನ್ನು ಸರಿಪಡಿಸಿದ್ದೇವೆ. ಅದರ ಬಿಡುಗಡೆ ಟಿಪ್ಪಣಿಯ ಕನ್ನಡ ರೂಪವು ಇಂದು ಸಂಜೆಯೊಳಗೆ ಹೋಗಬೇಕಾಗಿದೆ. ಒಂದೇ ಕಡತವನ್ನು ಮೇಲೊಂದು ಕೆಳಗೊಂದು ವಿಂಡೋಗಳಲ್ಲಿ ತೆರೆದಿಟ್ಟು, ಮೇಲಿನದರಲ್ಲಿ ಒಂದು ಸಾಲನ್ನು ಅಳಿಸಿದರೆ, ಕೆಳಗಿನದರಲ್ಲಿ ಆ ಸಾಲು ಹಾಗೆಯೇ ಉಳಿದು, ಕರ್ಸರನ್ನು ಅಲ್ಲಿಗೆ ಒಯ್ದಾಗ ಮಾತ್ರ ಹೋಗುತ್ತಿತ್ತು. ಕೆಳಗಿನ ವಿಂಡೋಗೆ ‘ಬದಲಾಗಿದೆ’ ಎಂಬ ಗುರುತು ಬೀಳದ ಕಾರಣ, ಪರದೆಯಲ್ಲಿ ಕಾಣುವುದನ್ನು ಬದಲಾದ ಪಠ್ಯಕ್ಕೆ ಹೊಂದಿಸುವ ರೀಡಿಸ್‌ಪ್ಲೇ ಅದನ್ನು ನೋಡದೆಯೇ ಬಿಡುತ್ತಿತ್ತು. ‘ಕಿಟಕಿಯ ಪುನಃಪ್ರದರ್ಶನ’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ 1:
‘ಕಿಟಕಿ’ ಬೇಡ. ಅದನ್ನು ಅಚ್ಚಗನ್ನಡವೆಂದು ನಂಬಿ ಬಳಸುವವರೇ ಹೆಚ್ಚು. ಅದು ಹಿಂದಿ, ಮರಾಠಿಗಳ ‘ಖಿಡಕಿ’ಯ ಬಳಗದ್ದು. ‘ಗವಾಕ್ಷ’ವೆಂದರೆ ಗೋವಿನ ಕಣ್ಣು, ಇಂಗ್ಲಿಷಿನ ‘ವಿಂಡೋ’ ಸಹ ಹಳೆಯ ನಾರ್ಸ್ ಭಾಷೆಯಲ್ಲಿ ಗಾಳಿಯ ಕಣ್ಣು ಎಂಬ ಅರ್ಥವಿದ್ದ ಪದದಿಂದ ಬಂದದ್ದು. ಬೆಳಕಿಂಡಿಯಲ್ಲಿರುವ ‘ಕಿಂಡಿ’ ನಮ್ಮ ಬಳಿ ಇರುವಾಗ ಈ ಯಾವ ಕಣ್ಣಿನ ಹಂಗೂ ನಮಗೆ ಬೇಕಿಲ್ಲ.

ಉತ್ತರ 2:
ಈ ಮೂಲಶೋಧದಿಂದ ಟಿಪ್ಪಣಿ ಓದುವವರಿಗೆ ಯಾವ ಉಪಯೋಗವೂ ಇಲ್ಲ. 1976ರಲ್ಲಿ ಹುಟ್ಟಿದ ಈಮ್ಯಾಕ್ಸಿನ ಪರಿಭಾಷೆಯಲ್ಲಿ ನಾವೆಲ್ಲ ವಿಂಡೋ ಎನ್ನುವ ಹೊರಗಿನ ಆವರಣಕ್ಕೆ ‘ಫ್ರೇಮ್’ ಎಂದು ಹೆಸರು. ‘ವಿಂಡೋ’ ಎಂದರೆ ಅದರೊಳಗಿನ ಒಂದು ಪಾಲು. ವಿಮ್ ಎಂಬ ಇನ್ನೊಂದು ಎಡಿಟರಿನಲ್ಲಿಯೂ ಒಡೆದ ಪಾಲುಗಳೇ ವಿಂಡೋಗಳು. ಬರಿದೇ ‘ಕಿಟಕಿ’ ಎಂದಾಗಲಿ ‘ಕಿಂಡಿ’ ಎಂದಾಗಲಿ ಬರೆದರೆ ಇಡೀ ಎಡಿಟರೇ ಹಳೆಯ ಪಠ್ಯವನ್ನು ತೋರಿಸುತ್ತಿತ್ತೆಂದು ಓದುಗರು ತಿಳಿಯುತ್ತಾರೆ.

‘ಪುನಃಪ್ರದರ್ಶನ’ವಂತೂ ಸಲ್ಲದು, ಅದು ನಾಟಕ, ಚಲನಚಿತ್ರಗಳ ಮಾತು. ರೀಡಿಸ್‌ಪ್ಲೇ ಎಲ್ಲವನ್ನೂ ಮತ್ತೊಮ್ಮೆ ತೋರಿಸುವುದಿಲ್ಲ. ಪರದೆಯ ಮೇಲೆ ಈಗ ಏನಿದೆ, ಏನಿರಬೇಕು ಎಂಬ ಎರಡು ಲೆಕ್ಕಗಳನ್ನು ಅದು ಇಟ್ಟುಕೊಂಡು, ಒಂದಕ್ಕೊಂದು ಹೋಲಿಸಿ, ವ್ಯತ್ಯಾಸವಿರುವಷ್ಟನ್ನೇ ತಿದ್ದುತ್ತದೆ. ಪರದೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಬಿಡಿಸುವುದಕ್ಕೆ ಈಮ್ಯಾಕ್ಸಿನಲ್ಲಿ ಬೇರೆಯದೇ ಆದೇಶವಿದೆ. ‘ಮರುಬಿಡಿಸು’ ಎಂಬುದನ್ನು ಅದಕ್ಕೆ ಮೀಸಲಿಡಬೇಕು. ಇದಕ್ಕೆ ‘ಪರದೆ ಪರಿಷ್ಕರಣೆ’ ಹೊಂದುತ್ತದೆ.

ಉತ್ತರ 1ರವರಿಂದ:
‘ಪರದೆ’ ಪಾರಸಿ, ‘ಪರಿಷ್ಕರಣೆ’ ಸಂಸ್ಕೃತ. ಎರಡು ಸಾಲಗಳನ್ನು ಜೋಡಿಸಿ ಕನ್ನಡವೆನ್ನುವುದನ್ನು ನಾನು ಒಪ್ಪುವುದಿಲ್ಲ. ‘ತೆರೆ’ ಎನ್ನಿ, ‘ತಿದ್ದು’ ಎನ್ನಿ.

ಉತ್ತರ 2ರವರಿಂದ:
ಕಾಗದ, ಜಮೀನು, ವಕೀಲ ಇವೆಲ್ಲವೂ ಹೊರಗಿನಿಂದಲೇ ಬಂದವು. ಅವುಗಳನ್ನು ಯಾರೂ ಹೊರಗೆ ಹಾಕಿಲ್ಲ. ಮೇಲಾಗಿ, ಆದೇಶಗಳ ನಡುವೆ ‘ತೆರೆ’ ಎಂದು ಬರೆದರೆ ಅದು ಕಡತವನ್ನು ತೆರೆಯುವ ಆದೇಶವೆಂದೇ ಓದಿಸಿಕೊಳ್ಳುತ್ತದೆ. ‘ತಿದ್ದು’ ಎಂದರೆ ಎಡಿಟರಿನಲ್ಲಿ ಬಳಕೆದಾರರು ಮಾಡುವ ಕೆಲಸ, ಎಡಿಟರ್ ತಾನಾಗಿ ಮಾಡುವುದಲ್ಲ. ಅರ್ಥ ಕೆಡುವಲ್ಲಿ ಅಚ್ಚಗನ್ನಡದ ಹಟ ಸಲ್ಲದು.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ಮೆನುವಿನಲ್ಲಿ ‘ವಿಂಡೋ’ ಎಂದೇ ಇರುವುದರಿಂದ ಅದನ್ನು ಉಳಿಸಿಕೊಂಡು, ಫ್ರೇಮಿಗೆ ‘ಚೌಕಟ್ಟು’ ಎಂದು ಬಳಸಿ, ಈ ವಾಕ್ಯವನ್ನು ಕಳುಹಿಸುತ್ತಿದ್ದೇನೆ: ‘ಒಂದೇ ಚೌಕಟ್ಟಿನ ಎರಡು ವಿಂಡೋಗಳಲ್ಲಿ ಒಂದೇ ಕಡತವು ತೆರೆದಿದ್ದಾಗ, ಒಂದರಲ್ಲಿ ಮಾಡಿದ ಬದಲಾವಣೆಯು ಪರದೆ ಪರಿಷ್ಕರಣೆಯ ವೇಳೆ ಇನ್ನೊಂದರಲ್ಲಿ ಕಾಣಿಸದಿದ್ದ ದೋಷವನ್ನು ಸರಿಪಡಿಸಲಾಗಿದೆ.’