ಕ್ರೀಡಾಕೂಟದ ಜೊತೆ ಲೆಕ್ಕ ಕಲಿಸಿದವರು ಇದ್ದೀರಾ?

ಪ್ರಶ್ನೆ: ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಟೀಚರ್ ನಾನು. ಮಳೆ ಬಿಟ್ಟು ಆಟ ಶುರುವಾದರೆ ಮಕ್ಕಳ ಮನಸ್ಸೆಲ್ಲ ಬಯಲಲ್ಲೇ. ಲೆಕ್ಕವನ್ನು ಆಟಕ್ಕೆ ಸೇರಿಸಬಹುದಾ? ಮಾಡಿ ನೋಡಿದವರು ಹೇಳಿ.

ಪಿ.ಟಿ. ಮಾಸ್ಟ್ರು, ಮಂಗಳೂರು: ಸೇರಿಸಬಹುದು ಮಾರಾಯ್ರೆ. ಆದರೆ ಆಡುವಾಗ ಬೇಡ, ಗೆರೆ ಹಾಕುವಾಗ. ಟೇಪು, ಹಗ್ಗ, ಸುಣ್ಣದ ಹುಡಿ ಮಕ್ಕಳ ಕೈಗೇ ಕೊಡಿ. ಥ್ರೋಬಾಲ್ ಅಂಕಣ 18.30 ಮೀಟರ್ ಉದ್ದ, 12.20 ಅಗಲ. ಮೂಲೆ ಸರಿ ಇದೆಯಾ ಅಂತ ಕಣ್ಣಳತೆಗೆ ಸಿಗುವುದಿಲ್ಲ. ಒಂದು ಗೆರೆಯಲ್ಲಿ 3 ಮೀಟರ್, ಇನ್ನೊಂದರಲ್ಲಿ 4 ಗುರುತು ಮಾಡಿ. ನಡುವಿನ ಹಗ್ಗ ಸರಿಯಾಗಿ 5 ಬರಬೇಕು. ಕೊನೆಗೆ ಎರಡೂ ಕರ್ಣ ಅಳೆಯಿರಿ, 22 ಮೀಟರ್ ಹತ್ತಿರ ಬರುತ್ತದೆ. ಬರದಿದ್ದರೆ ಅಳಿಸಿ ಮತ್ತೆ ಹಾಕಬೇಕು. ಬಿಸಿಲಲ್ಲಿ ಒಮ್ಮೆ ಅಳಿಸಿದವರು ಪೈಥಾಗೊರಸ್ ಮರೆಯುವುದಿಲ್ಲ.

ನಿಜವಾದ ಮಜಾ ಟ್ರ್ಯಾಕ್‌ನಲ್ಲಿ. ಹೊರಗಿನ ಲೇನಿನವರನ್ನು ಎಷ್ಟು ಮುಂದೆ ನಿಲ್ಲಿಸಬೇಕು? ಲೇನಿನ ಅಗಲ 1.22 ಮೀಟರ್ ಆದರೆ, ಪೂರ್ತಿ ಒಂದು ಸುತ್ತಿಗೆ 2 × ಪೈ × 1.22, ಅಂದರೆ ಲೇನಿಗೆ 7.67 ಮೀಟರ್. ಶಾಲೆ ಬಯಲಿನ 200 ಮೀಟರ್ ಟ್ರ್ಯಾಕಿಗೂ ಅಷ್ಟೇ, ಮಂಗಳಾ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿಗೂ ಅಷ್ಟೇ! ತಿರುವಿನ ತ್ರಿಜ್ಯ ಲೆಕ್ಕದಿಂದಲೇ ಹಾರಿಹೋಗುತ್ತದೆ. ಮಕ್ಕಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪಿಸಬೇಡಿ, ಟೇಪು ಹಿಡಿದು ಜಗಳ ಮಾಡಲಿ. (ಒಳಗೆ ಕಟ್ಟೆ ಇರುವ ಟ್ರ್ಯಾಕಿನಲ್ಲಿ ಎರಡನೇ ಲೇನಿಗೆ ಮಾತ್ರ 7.04. ಮೊದಲನೇ ಲೇನನ್ನು ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ, ಉಳಿದದ್ದನ್ನು ಗೆರೆಯಿಂದ 20.)

ಗಣಿತ ಟೀಚರ್, ಮೂಲ್ಕಿ ಕಡೆ: ನಮ್ಮಲ್ಲಿ ಕಂಬಳ ಚೆನ್ನಾಗಿ ಕೆಲಸ ಮಾಡಿತು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಅನ್ನು 13.62 ಸೆಕೆಂಡಿನಲ್ಲಿ ಓಡಿದರು. ನೂರು ಮೀಟರಿಗೆ 9.55 ಅಂತ ಎಲ್ಲ ಕಡೆ ಸುದ್ದಿಯಾಯಿತು, ಬೋಲ್ಟ್ ದಾಖಲೆ 9.58. ಮಕ್ಕಳು ಭಾಗಿಸಿದರೆ 9.558 ಬರುತ್ತದೆ. ಹಾಗಾದರೆ 9.55 ಬರೆಯಬೇಕಾ, 9.56 ಬರೆಯಬೇಕಾ? ಅಲ್ಲಿಗೇ ಅರ್ಧ ಪೀರಿಯಡ್. ಆಮೇಲೆ ಹಿಂದಿನ ಬೆಂಚಿನವನೊಬ್ಬ, ‘ಬೋಲ್ಟ್‌ಗೆ ಕೋಣ ಇರಲಿಲ್ಲ ಅಲ್ವಾ?’ ಅಂದ. ನಿಂತಲ್ಲಿಂದ ಹೊರಟ ನೂರು ಮೀಟರನ್ನೂ ಉದ್ದ ಓಟದ ಸರಾಸರಿಯನ್ನೂ ಹೋಲಿಸಬಹುದಾ ಅನ್ನುವ ಚರ್ಚೆ ಅಲ್ಲಿಂದ ಎದ್ದಿತು.

ಒಬ್ಬ ತಾಯಿ, ಮಣಿಪಾಲ: ಒಂದು ಮಾತು. ಮಗಳಿಗೆ ಲೆಕ್ಕ ಅಂದರೆ ಹೆದರಿಕೆ, ಕಬಡ್ಡಿ ಅಂದರೆ ಜೀವ. ಅವಳ ಮೊದಲಿನ ಶಾಲೆಯಲ್ಲಿ ಪೋರ್ಷನ್ ಮುಗಿದಿಲ್ಲ ಅಂತ ಪಿ.ಟಿ. ಪೀರಿಯಡ್ಡೇ ಗಣಿತಕ್ಕೆ ಹೋಗುತ್ತಿತ್ತು. ಸೇರಿಸುವ ನೆಪದಲ್ಲಿ ಆಟವನ್ನು ತಿನ್ನಬೇಡಿ.

ಪಿ.ಟಿ. ಮಾಸ್ಟ್ರು: ಅವರ ಮಾತು ಸರಿ. ಅದಕ್ಕೇ ಗಣಿತದ ಪೀರಿಯಡ್ಡನ್ನು ಬಯಲಿಗೆ ತನ್ನಿ, ನನ್ನದನ್ನು ಮುಟ್ಟಬೇಡಿ. ಶಾಟ್‌ಪುಟ್‌ನಿಂದ ಶುರು ಮಾಡಿ. ವೃತ್ತದ ನಡುವಿನಿಂದ 10 ಮೀಟರಿನ ಎರಡು ಹಗ್ಗ ಎಳೆದು, ತುದಿಗಳ ನಡುವೆ 6 ಮೀಟರ್ ಬಿಡಿ. ಗುಂಡು ಬೀಳಬೇಕಾದ 34.92 ಡಿಗ್ರಿಯ ಸೆಕ್ಟರ್ ರೆಡಿ. ಯಾಕೆ ಅಷ್ಟೇ ಬಂತು ಅಂತ ಹತ್ತನೇ ಕ್ಲಾಸಿನವರನ್ನು ಕೇಳಿ. ಅರ್ಧ ಕೋನದ ಸೈನ್ 0.3, ಅಷ್ಟು ಸುಳಿವು ಸಾಕು.