ಮರು: ‘ಟ್ರಾಮಾ’ಗೆ ಪದ, ಬೋರ್ಡಿಗೆ ಬೇಕು, ಸೋಮವಾರದೊಳಗೆ

ಎಲ್ಲರಿಗೂ ನಮಸ್ಕಾರ.

ನಾನು ಕೇಳಿದ್ದು ಎರಡೇ. ಹಾಸನದ ಒಂದು ಆಸ್ಪತ್ರೆಯ ‘ಟ್ರಾಮಾ ಕೇರ್’ (ಮೈಗೆ ಪೆಟ್ಟಾದವರನ್ನು ನೋಡುವ ವಿಭಾಗ) ಬೋರ್ಡಿಗೆ ಕನ್ನಡ. ಜೊತೆಗೆ ಅಲ್ಲಿ ಹಂಚುವ ಕೈಪತ್ರಕ್ಕೆ ಒಂದು ತಲೆಬರಹ: ಪೆಟ್ಟು ತಿಂದು ಬರುವವರಿಂದ ಆಸ್ಪತ್ರೆಯ ಮೇಲೆ ಎಷ್ಟು ಭಾರ ಬೀಳುತ್ತದೆ, ಅದು ಯಾವುದರಿಂದ ಏರುತ್ತದೆ, ಇಳಿಯುತ್ತದೆ ಅಂತ. ಬಂದ ಉತ್ತರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರಾಮಾ ಪದದ ಗ್ರೀಕ್ ಮೂಲದ ಬಗ್ಗೆ. ಅದರಿಂದ ಬೋರ್ಡ್ ಬರೆಯುವ ಪೇಂಟರಿಗೆ ಏನೂ ಸಿಗಲಿಲ್ಲ. ಉಳಿದ ಸಲಹೆಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

> ಆಘಾತ ಚಿಕಿತ್ಸಾ ಕೇಂದ್ರ. ನಿಘಂಟಿನಲ್ಲಿದೆ. ಚರ್ಚೆ ಅನಗತ್ಯ.

ಅಗತ್ಯ ಇದೆ. ಆಘಾತ ಅಂದ ಕೂಡಲೇ ಜನಕ್ಕೆ ಹೊಳೆಯುವುದು ಹೃದಯಾಘಾತ. ಎದೆನೋವಿನವರನ್ನು ಕರೆದುಕೊಂಡು ಅಲ್ಲಿಗೆ ಓಡಿ, ‘ಇಲ್ಲಲ್ಲ, ಆ ಕಡೆ ಹೋಗಿ’ ಅನ್ನಿಸಿಕೊಂಡರೆ ಆ ಹೊತ್ತನ್ನು ಯಾರು ವಾಪಸ್ ಕೊಡುತ್ತಾರೆ?

> ಅಪಘಾತ ವಿಭಾಗ ಸಾಕು.

ಸಾಲದು. ನನ್ನ ದೊಡ್ಡ ತಕರಾರು ಇರುವುದೇ ಇಲ್ಲಿ. ಅಪಘಾತ ಅಂದರೆ ನಮ್ಮ ಕಿವಿಗೆ ರಸ್ತೆ, ಗಾಡಿ. ಶಿರಾಡಿ ಘಾಟ್, ಹೆದ್ದಾರಿ 75, ಬೈಕು, ಲಾರಿ ಎಲ್ಲಾ ಇವೆ, ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟಗಳಿಂದ ಬರುವವರನ್ನೂ ನೋಡಿ. ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವಾಗ ಕಡಿದ ಕೊಂಬೆಯ ಜೊತೆಗೇ ಬಿದ್ದವರು ಇರುತ್ತಾರೆ. ಕಾಳುಮೆಣಸು ಕುಯ್ಯುವಾಗ ಏಣಿ ಜಾರಿದವರು ಇರುತ್ತಾರೆ. ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುವ ಮರ, ಬಳ್ಳಿ ಮೇಲೆ ಹೋದಷ್ಟೂ ಏಣಿಯೂ ಉದ್ದ ಆಗುತ್ತದೆ, ಅದು ಅಲ್ಯೂಮಿನಿಯಂ ಏಣಿಯಾಗಿದ್ದು ಕರೆಂಟ್ ತಂತಿಗೆ ತಾಗಿದರೆ ಶಾಕೂ ಹೊಡೆದು ಅಷ್ಟೆತ್ತರದಿಂದ ಬೀಳುವುದೂ ಆಗುತ್ತದೆ. ಆನೆ ತುಳಿದವರು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು ಬೇರೆ. ಇವರ ಮನೆಯವರು ‘ಅಪಘಾತ ಆಯ್ತು’ ಅನ್ನುವುದಿಲ್ಲ, ‘ಬಿದ್ದು ಪೆಟ್ಟಾಯ್ತು’ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲೂ ವರ್ಷಕ್ಕೆ ಜಗತ್ತಿನಲ್ಲಿ ಗಾಯ, ಹಿಂಸೆ ಎಲ್ಲಾ ಸೇರಿ ಸಾಯುವವರು ಸುಮಾರು 44 ಲಕ್ಷ, ಅದರಲ್ಲಿ ರಸ್ತೆಯ ಪಾಲು 12 ಲಕ್ಷದ ಹತ್ತಿರ. ಬೋರ್ಡಿನಿಂದ ಏಣಿ ಬಿಟ್ಟುಹೋದರೆ ಲೆಕ್ಕದಿಂದಲೂ ಬಿಟ್ಟುಹೋಗುತ್ತದೆ. ಲೆಕ್ಕದಲ್ಲಿ ಇಲ್ಲದ್ದಕ್ಕೆ ಯಾರೂ ದುಡ್ಡು ಇಡುವುದಿಲ್ಲ.

> ಗಾಯ ಅನ್ನಿ. ಅಚ್ಚಗನ್ನಡ.

ಅಲ್ಲ. ಸಂಸ್ಕೃತದ ಘಾತ ಪ್ರಾಕೃತದಲ್ಲಿ ಘಾಯ ಆಗಿ ನಮ್ಮಲ್ಲಿ ಗಾಯ ಆಯಿತು. ಆಘಾತ ಬೇಡ ಅನ್ನುವವರು ಅದೇ ಮನೆಯ ಪದ ಕೊಡುತ್ತಿದ್ದೀರಿ. ಅಚ್ಚಗನ್ನಡವೇ ಆಗಬೇಕಿದ್ದರೆ ಹಳಗನ್ನಡದ ಪುಣ್ ಇದೆ. ಅದು ಈಗ ಹುಣ್ಣು, ಬೋರ್ಡಿಗೆ ಆಗದು. ನನಗೆ ಗಾಯ ಬೇಡವಾದದ್ದು ಮೂಲದ ಕಾರಣಕ್ಕಲ್ಲ. ಗಾಯ ಅಂದರೆ ಕಣ್ಣಿಗೆ ಕಾಣಬೇಕು, ರಕ್ತ ಬರಬೇಕು. ಬೈಕಿನ ಹ್ಯಾಂಡಲ್ ಹೊಟ್ಟೆಗೆ ಹೊಡೆದು ಒಳಗಿನ ಗುಲ್ಮ (ಸ್ಪ್ಲೀನ್) ಒಡೆದವನ ಮೈಮೇಲೆ ಒಂದು ತರಚಲೂ ಇಲ್ಲದಿರಬಹುದು, ಎದ್ದು ಕೂತು ಮಾತಾಡುತ್ತಲೂ ಇರಬಹುದು. ಅದಕ್ಕೆ ‘ಒಳಪೆಟ್ಟು’ ಅನ್ನುವ ಎಷ್ಟು ಒಳ್ಳೆಯ ಪದ ಇದೆ! ಪೊಲೀಸ್ ದೂರಿನಲ್ಲೂ ರಕ್ತಗಾಯ ಬೇರೆ, ರಕ್ತ ಬಾರದ ಮೂಕಪೆಟ್ಟು ಬೇರೆ.

> ಟ್ರಾಮಾ ಅಂತಲೇ ಇಡಿ. ಬಸ್ಸು, ಪೊಲೀಸು ಬಂದಿಲ್ವಾ?

ಬಂದಿವೆ, ಜನ ದಿನಾ ಆಡಿ ತಮ್ಮದು ಮಾಡಿಕೊಂಡಿದ್ದಾರೆ. ಆಂಬುಲೆನ್ಸೂ ಹಾಗೇ. ಟ್ರಾಮಾ ಹಳ್ಳಿಯವರಿಗೆ ಗೊತ್ತಿಲ್ಲ, ಓದಿದ ಹುಡುಗರಿಗೆ ಅದು ಮನಸ್ಸಿನ ನೋವು. ಎರವಲು ಬೇಕಾ ಬೇಡವಾ ಅನ್ನುವ ಜಗಳಕ್ಕೆ ಬೇರೆ ಎಳೆ ಶುರುಮಾಡಿ ದಯವಿಟ್ಟು.

ಇನ್ನು ಕೈಪತ್ರದ ತಲೆಬರಹ. ಅದರಲ್ಲಿ ‘ಹೊರೆ’ ಬೇಡ ಅಂದವರ ಮಾತು ಒಪ್ಪಿದೆ. ಹಾಸಿಗೆ ಮೇಲೆ ಮಲಗಿದವನಿಗೆ ನೀನು ಹೊರೆ ಅಂದ ಹಾಗಾಗುತ್ತದೆ. ‘ಭಾರ’ ಇರಲಿ. ತೊಡೆ ಮೂಳೆ ಮುರಿದ ಒಬ್ಬರಿಗೆ ಆಪರೇಷನ್, ರಕ್ತ, ಆಮೇಲೆ ವಾರಗಟ್ಟಲೆ ಆರೈಕೆ ಬೇಕು, ತಲೆಗೆ ಪೆಟ್ಟಾದರೆ ಸ್ಕ್ಯಾನು, ಐಸಿಯು. ಈ ಭಾರ ಎಷ್ಟಾಗುತ್ತದೆ ಅನ್ನುವುದು ಬಹಳಷ್ಟು ಆಸ್ಪತ್ರೆ ಬಾಗಿಲಿನ ಹೊರಗೇ ತೀರ್ಮಾನ ಆಗಿರುತ್ತದೆ. ಹೆಲ್ಮೆಟ್ ಇತ್ತೋ ಇಲ್ಲವೋ, ಕುಡಿದಿದ್ದರೋ, ವಯಸ್ಸೆಷ್ಟು, ಎಷ್ಟು ಹೊತ್ತಿಗೆ ತಂದರು. 108 ಆಂಬುಲೆನ್ಸ್ ಸೇವೆ ನಮ್ಮಲ್ಲಿ 2008ರಿಂದ ಇದೆ, ಆದರೆ ಸಿಗ್ನಲ್ ಇಲ್ಲದ ತೋಟದಿಂದ ಕರೆಯುವುದು ಹೇಗೆ? ಆಗ ಜೀಪೇ ಗತಿ. ಬೆನ್ನುಮೂಳೆಗೆ ಪೆಟ್ಟಾದವನನ್ನು ನಾಲ್ಕು ಜನ ಕೈಕಾಲು ಹಿಡಿದು ಮಡಚಿ ಹಿಂದಿನ ಸೀಟಿಗೆ ತುರುಕುತ್ತಾರೆ, ಪಾಪ, ಒಳ್ಳೆಯ ಮನಸ್ಸಿಂದಲೇ. ಕುತ್ತಿಗೆ ಅಲ್ಲಾಡದ ಹಾಗೆ ಹಿಡಿದು, ಹಲಗೆ ಮೇಲೆ ನೇರ ಮಲಗಿಸಿ ತಂದಿದ್ದರೆ ಅವನ ಕಾಲಿನ ಬಲ ಉಳಿಯುತ್ತಿತ್ತೇನೋ. ಕೈಪತ್ರದಲ್ಲಿ ಇದನ್ನೇ ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಈಗ ನನ್ನ ಆಯ್ಕೆ. ಬೋರ್ಡಿಗೆ: ‘ಪೆಟ್ಟು ಬಿದ್ದವರ ತುರ್ತು ಚಿಕಿತ್ಸೆ’. ಕೈಪತ್ರಕ್ಕೆ: ‘ಪೆಟ್ಟು ಮತ್ತು ಆಸ್ಪತ್ರೆಯ ಭಾರ: ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ’. ಬೋರ್ಡಿನದು ಉದ್ದ ಆಯಿತು ಅಂತ ನನಗೂ ಅನಿಸುತ್ತಿದೆ. ಎರಡೇ ಪದದಲ್ಲಿ ಯಾರಿಗಾದರೂ ಹೊಳೆದರೆ ಭಾನುವಾರ ಸಂಜೆಯೊಳಗೆ ಬರೆಯಿರಿ. ತೋಟದ ಆಳಿಗೆ ಓದಿದ ತಕ್ಷಣ ತಿಳಿಯಬೇಕು, ಅಷ್ಟೇ ಷರತ್ತು.