ಅಮ್ಮನ ಜೊತೆ ಐಸ್‌ಲ್ಯಾಂಡ್: ಊಟಕ್ಕೇನು ಮಾಡೋದು?

ಪ್ರಶ್ನೆ

ಬರುವ ಸೆಪ್ಟೆಂಬರ್‌ನಲ್ಲಿ ಎಂಟು ದಿನ ಐಸ್‌ಲ್ಯಾಂಡ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಅಮ್ಮ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೆಂಡತಿ ಕುಂದಾಪುರದವಳು, ಮೀನಿದ್ದರೆ ಸಾಕು. ನಾನು ದನ, ಹಂದಿ ಬಿಟ್ಟು ಉಳಿದದ್ದೆಲ್ಲ ತಿನ್ನುತ್ತೇನೆ. ಅಷ್ಟು ದೂರ ಹೋಗಿ ಬರೀ ಬ್ರೆಡ್ಡು ಜಾಮು ತಿಂದು ಬರಲು ಮನಸ್ಸಿಲ್ಲ. ಅಲ್ಲಿಯ ಊಟದ ರುಚಿ ನೋಡಬೇಕು, ಅಮ್ಮನೂ ಉಪವಾಸ ಬೀಳಬಾರದು. ಕಾರು ಬಾಡಿಗೆಗೆ ತೆಗೆದುಕೊಂಡು ದಕ್ಷಿಣದ ಕಡೆ ಸುತ್ತುವ ಯೋಚನೆ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಸ್ಟಾಕ್‌ಹೋಮ್‌ನಿಂದ

ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ಗಂಡ ಹೆಂಡತಿ ಮಾತ್ರ, ಎರಡನೇ ಸಲ ನಮ್ಮ ಅತ್ತೆಯ ಜೊತೆ. ಅತ್ತೆಯೂ ನಿಮ್ಮ ಅಮ್ಮನ ಹಾಗೇ, ಮೊಟ್ಟೆಯ ವಾಸನೆ ಬಂದರೂ ಎದ್ದು ಹೋಗುವವರು. ಆದ್ದರಿಂದ ಎರಡನೇ ಪ್ರವಾಸದ್ದೇ ಜಾಸ್ತಿ ಹೇಳುತ್ತೇನೆ.

ಮೊದಲು ವಸತಿ. ಅಡುಗೆಮನೆ ಇರುವ ಗೆಸ್ಟ್‌ಹೌಸ್ ಅಥವಾ ಕಾಟೇಜ್ ಹಿಡಿಯಿರಿ, ಹೋಟೆಲ್ ಕೋಣೆ ಬೇಡ. ದಿನಕ್ಕೊಂದು ಊಟ ನಿಮ್ಮ ಕೈಯದು, ಒಂದು ಊಟ ಅವರ ಕೈಯದು ಅಂತ ಲೆಕ್ಕ ಇಟ್ಟುಕೊಂಡರೆ ಅಮ್ಮನಿಗೂ ಸುಖ, ಜೇಬಿಗೂ ಸುಖ. ಹೊರಗೆ ಮೂರು ಜನ ಕೂತು ಊಟ ಮಾಡಿದರೆ ಬಿಲ್ಲು ನೋಡಿ ನೀರು ಕುಡಿಯಬೇಕಾಗುತ್ತದೆ. ನೀರು ಮಾತ್ರ ಪುಕ್ಕಟೆ, ನಲ್ಲಿಯ ತಣ್ಣೀರೇ ಬಾಟಲಿ ನೀರಿಗಿಂತ ಚೆನ್ನಾಗಿದೆ. ಆದರೆ ಬಿಸಿನೀರಿನ ನಲ್ಲಿಯಿಂದ ಚಹಾಕ್ಕೆ ಹಿಡಿಯಬೇಡಿ. ಎಷ್ಟೋ ಕಡೆ ಆ ನೀರು ನೆಲದೊಳಗಿನ ಬಿಸಿಯಿಂದ ಬರುವುದು, ಗಂಧಕದ ವಾಸನೆ ಇರುತ್ತದೆ. ಅತ್ತೆ ಮೊದಲ ದಿನ ಬಚ್ಚಲಿನಿಂದ ಓಡಿಬಂದು "ಯಾರೋ ಮೊಟ್ಟೆ ಬೇಯಿಸ್ತಿದ್ದಾರೆ" ಅಂದರು. ಮುಖಕ್ಕೆ ನೀರು ಹಾಕಿಕೊಂಡಿದ್ದರು ಅಷ್ಟೇ.

ಇನ್ನು ಸ್ಕಿರ್. ಇದೊಂದು ಸಿಕ್ಕಿದ ಮೇಲೆ ನಮ್ಮ ಚಿಂತೆ ಅರ್ಧ ಕಳೆಯಿತು. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ, ನೀರು ಬಸಿದು ಮಾಡುವುದು. ಅವರ ಲೆಕ್ಕದಲ್ಲಿ ಅದು ಒಂಥರಾ ಚೀಸು, ನಮ್ಮ ಕಣ್ಣಿಗೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಮೊಸರು. ಚಮಚ ನಿಲ್ಲಿಸಿದರೆ ನಿಲ್ಲುತ್ತದೆ. ಹಣ್ಣಿನ ರುಚಿಯದ್ದು ಬಿಟ್ಟು ಸಪ್ಪೆಯದ್ದು ತೆಗೆದುಕೊಳ್ಳಿ. ನಾವು ಅನ್ನ ಮೆತ್ತಗೆ ಬೇಯಿಸಿ, ಸ್ಕಿರ್‌ಗೆ ಸ್ವಲ್ಪ ಹಾಲು ಬೆರೆಸಿ ಸಡಿಲ ಮಾಡಿ, ಊರಿಂದ ತಂದ ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟು ಕಲಸಿದೆವು. ಕರಿಬೇವು ಒಂದು ಇರಲಿಲ್ಲ. ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಅತ್ತೆ ಎರಡು ಸಲ ಬಡಿಸಿಕೊಂಡರು. ಒಂದು ಎಚ್ಚರಿಕೆ: ಸ್ಕಿರ್ ಹೆಪ್ಪುಗಟ್ಟಲು ಹಿಂದಿನಿಂದಲೂ ಕರುವಿನ ಹೊಟ್ಟೆಯಿಂದ ಬರುವ ರೆನೆಟ್ ಬಳಸುವ ರೂಢಿ ಇದೆ. ಈಗ ಎಲ್ಲದರಲ್ಲೂ ಅದು ಇರುವುದಿಲ್ಲ. ಅಮ್ಮ ಅಷ್ಟು ಕಟ್ಟುನಿಟ್ಟಾದರೆ ಡಬ್ಬಿಯ ಮೇಲೆ ಬರೆದದ್ದನ್ನು ಫೋನಿನಲ್ಲಿ ಅನುವಾದ ಮಾಡಿ ಓದಿ.

ಎರಡನೆಯದು ರೈ ಬ್ರೆಡ್, ರೈ ಅಂದರೆ ಸಾಸಿವೆ ಅಲ್ಲ, ಗೋಧಿಯಂಥ ಒಂದು ಧಾನ್ಯ. ಅವರು ರೂಗ್‌ಬ್ರಾಯ್ದ್ ಅನ್ನುತ್ತಾರೆ. ಲೌಗರ್‌ವಾತ್ನ್ ಅನ್ನುವ ಕೆರೆಯ ಊರಿನಲ್ಲಿ ಫೊಂತಾನಾ ಅಂತ ಬಿಸಿನೀರಿನ ಸ್ನಾನದ ಜಾಗ ಇದೆ. ಅಲ್ಲಿ ಹಿಟ್ಟು ತುಂಬಿದ ಪಾತ್ರೆಯನ್ನು ಕೆರೆಯ ದಂಡೆಯ ಕಪ್ಪು ಮರಳಿನಲ್ಲಿ ಹೂತಿಡುತ್ತಾರೆ. 24 ಗಂಟೆ ಬಿಟ್ಟು ಅಗೆದು ತೆಗೆಯುತ್ತಾರೆ. ಬೆಂಕಿ ಇಲ್ಲ, ಒಲೆ ಇಲ್ಲ, ನೆಲದ ಬಿಸಿಯಲ್ಲೇ ಬೇಯುತ್ತದೆ. ನಮ್ಮೆದುರೇ ಒಬ್ಬ ಹುಡುಗ ಗುದ್ದಲಿ ಹಾಕಿದ. ಗುಂಡಿಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಪಾತ್ರೆ ತೊಳೆದು, ಬೋರಲು ಹಾಕಿ ತಟ್ಟಿದ. ಕಂದು ಬಣ್ಣದ ದಪ್ಪ ಬ್ರೆಡ್ಡು ಹಾಗೇ ಜಾರಿ ಬಿತ್ತು. ಬಿಸಿ ಇದ್ದಾಗಲೇ ಬೆಣ್ಣೆ ಹಚ್ಚಿ ಕೊಟ್ಟರು. ಸಿಹಿ ಜಾಸ್ತಿ, ಮೆತ್ತಗೆ, ಹೆಚ್ಚುಕಮ್ಮಿ ಕೇಕೇ. ಮೊಟ್ಟೆ ಇಲ್ಲ ಅಂತ ಕೇಳಿ ಖಚಿತ ಮಾಡಿಕೊಂಡೇ ಅತ್ತೆ ಬಾಯಿಗಿಟ್ಟದ್ದು. ಪಕ್ಕದಲ್ಲಿ ಹೊಗೆ ಹಾಕಿದ ಟ್ರೌಟ್ ಮೀನನ್ನೂ ಇಡುತ್ತಾರೆ, ಅದು ನಿಮ್ಮ ಹೆಂಡತಿಗೆ. ಮೂರು ತುಂಡಿಗಿಂತ ಜಾಸ್ತಿ ತಿನ್ನಬೇಡಿ. ಅಲ್ಲಿಯವರೇ ಇದನ್ನು ಗುಡುಗಿನ ಬ್ರೆಡ್ಡು ಅಂತ ತಮಾಷೆ ಮಾಡುತ್ತಾರೆ. ಯಾಕೆ ಅಂತ ರಾತ್ರಿ ಗೊತ್ತಾಗುತ್ತದೆ.

ಅದೇ ದಾರಿಯಲ್ಲಿ ರೇಕ್‌ಹೋಲ್ಟ್ ಹತ್ತಿರ ಫ್ರಿದ್‌ಹೇಮಾರ್ ಅನ್ನುವ ಟೊಮ್ಯಾಟೊ ತೋಟ ಇದೆ. ಗಾಜಿನ ಮನೆಯೊಳಗೆ ಬಿಸಿನೀರಿನ ಪೈಪು, ದೀಪ ಹಾಕಿ ವರ್ಷವಿಡೀ ಟೊಮ್ಯಾಟೊ ಬೆಳೆಯುತ್ತಾರೆ. ಪರಾಗಸ್ಪರ್ಶಕ್ಕೆ ದುಂಬಿ ಬಿಟ್ಟಿರುತ್ತಾರೆ. ಗಿಡಗಳ ನಡುವೆಯೇ ಮೇಜು. ಟೊಮ್ಯಾಟೊ ಸಾರು, ಬಿಸಿ ಬ್ರೆಡ್ಡು, ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಮೇಜಿನ ಮೇಲೆ ತುಳಸಿಯ ಜಾತಿಯ ಬೇಸಿಲ್ ಕುಂಡ, ಕತ್ತರಿ. ಬೇಕಾದಷ್ಟು ಕತ್ತರಿಸಿ ಉದುರಿಸಿಕೊಳ್ಳುವುದು. ಅತ್ತೆ ಕತ್ತರಿ ಹಿಡಿದು ನನ್ನ ಮುಖ ನೋಡಿದರು, "ಇದು ತುಳಸಿನೇ ಅಲ್ವಾ, ಕೀಳಬಹುದಾ?" ಅಂತ. ಮೊದಲೇ ಬುಕ್ ಮಾಡಿ, ಸುಮ್ನೆ ಹೋದರೆ ಜಾಗ ಸಿಗುವುದು ಕಷ್ಟ.

ಬೇರೆ ಕಡೆ ಸೂಪ್ ವಿಷಯದಲ್ಲಿ ಹುಷಾರು. ಒಂದು ಹೋಟೆಲಿನಲ್ಲಿ ತರಕಾರಿ ಸೂಪ್ ಅಂತ ಕೊಟ್ಟರು, ತರಕಾರಿಯೇ ಕಾಣುತ್ತಿತ್ತು. ಅತ್ತೆ ಅರ್ಧ ಮುಗಿಸಿದ ಮೇಲೆ ನನಗೆ ಅನುಮಾನ ಬಂದು ಕೇಳಿದೆ. ಕುರಿಮೂಳೆ ಬೇಯಿಸಿದ ನೀರಂತೆ. ಆವತ್ತಿನ ಸಂಜೆ ಹೇಗಿತ್ತು ಅಂತ ಬರೆಯುವುದಿಲ್ಲ. "ಮಾಂಸ ಇದೆಯಾ" ಅಂತ ಕೇಳಿದರೆ ಸಾಲದು, "ಬೇಯಿಸಿದ ನೀರು ಯಾವುದು" ಅಂತಲೂ ಕೇಳಿ.

ಮಂಗಳೂರಿನಿಂದ

ಮೇಲಿನವರು ಅಮ್ಮನಿಗೆ ಬೇಕಾದದ್ದು ಚೆನ್ನಾಗಿ ಹೇಳಿದ್ದಾರೆ. ನಾನು ನಿಮ್ಮ ಹೆಂಡತಿಯ ಪರ.

ಹಾರ್ದ್‌ಫಿಸ್ಕುರ್ ಅಂದರೆ ಒಣಮೀನು. ಉಪ್ಪು ಹಾಕದೆ ತಣ್ಣನೆ ಗಾಳಿಗೆ ಒಣಗಿಸಿದ್ದು, ಬಿಸಿಲಿಗಲ್ಲ. ಹರಿದು ಬೆಣ್ಣೆ ಹಚ್ಚಿಕೊಂಡು ಹಸಿಯಾಗೇ ತಿನ್ನುತ್ತಾರೆ. ನಮ್ಮ ಕಡೆಯ ಒಣಮೀನು ಸುಟ್ಟು ಚಟ್ನಿ ಮಾಡಿದ ಹಾಗಲ್ಲ, ಖಾರ ಇಲ್ಲ, ಹುಳಿ ಇಲ್ಲ. ಆದರೂ ಅಗಿಯುತ್ತಾ ಹೋದರೆ ಬಿಡಲಾಗುವುದಿಲ್ಲ. ನಾನು ಕಾರಿನಲ್ಲಿ ತಿಂದು ಮೂರು ದಿನ ಕಾರೆಲ್ಲ ಬಂದರಿನ ವಾಸನೆ. ಮನೆಯವರ ಬೈಗುಳ ಬೇರೆ.

ಪ್ಲೊಕ್‌ಫಿಸ್ಕುರ್ ಅಂತ ಇದೆ. ಕಾಡ್ ಅಥವಾ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ ಹಾಕಿ ಬಿಳಿ ಸಾಸಿನಲ್ಲಿ ಕಿವುಚಿದ್ದು. ಮನೆಯೂಟ ಅಂದರೆ ಅದೇ. ಕುಂದಾಪುರದ ನಾಲಿಗೆಗೆ ತೀರಾ ಸಪ್ಪೆ ಅನಿಸಬಹುದು, ಕಾಳುಮೆಣಸು ಕೇಳಿ ಹಾಕಿಕೊಳ್ಳಲಿ. ನನಗೆ ಹೆಚ್ಚು ಇಷ್ಟ ಆದದ್ದು ಆರ್ಕ್ಟಿಕ್ ಚಾರ್, ಅವರ ಭಾಷೆಯಲ್ಲಿ ಬ್ಲೇಕ್ಯಾ. ಕಿತ್ತಳೆ ಬಣ್ಣದ ಮೀನು, ಚರ್ಮ ಗರಿಗರಿಯಾಗಿ ಹುರಿದು ಕೊಡುತ್ತಾರೆ. ಒಂದೇ ಮೀನೂಟಕ್ಕೆ ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ. ಚಿಲ್ಲರೆ ಸಿಕ್ಕರೆ ನಾಣ್ಯ ತಿರುಗಿಸಿ ನೋಡಿ, 1 ಕ್ರೋನಾ ಮೇಲೆ ಕಾಡ್, 50ರ ಮೇಲೆ ಏಡಿ. ಲಕ್ಷ್ಮಿಯ ಜಾಗದಲ್ಲಿ ಮೀನಿಟ್ಟ ಜನ, ನನಗೆ ಅಲ್ಲೇ ಅಭಿಮಾನ ಬಂತು.

ಇನ್ನು ಎಲ್ಲರೂ ಕೇಳುವ ಹೌಕಾರ್ಟ್ಲ್, ಅಂದರೆ ಕೊಳೆಸಿದ ಶಾರ್ಕ್. ಗ್ರೀನ್‌ಲ್ಯಾಂಡ್ ಶಾರ್ಕಿನ ಹಸಿ ಮಾಂಸ ವಿಷ. ಅದಕ್ಕೇ ವಾರಗಟ್ಟಲೆ ಹುದುಗಿಸಿ, ಆಮೇಲೆ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕುತ್ತಾರೆ. ಕಡ್ಡಿಗೆ ಚುಚ್ಚಿದ ಸಕ್ಕರೆ ಅಚ್ಚಿನಷ್ಟು ತುಂಡು ಕೊಡುತ್ತಾರೆ. ಬಾಯಿಗಿಟ್ಟಾಗ ಏನೂ ಇಲ್ಲ, ಗಟ್ಟಿ ಚೀಸಿನ ಹಾಗೆ. ಅಗಿದ ಮೇಲೆ ಅಮೋನಿಯಾ ಮೂಗಿಗೆ ಏರುತ್ತದೆ. ಹಳೇ ಬಸ್‌ಸ್ಟ್ಯಾಂಡಿನ ಶೌಚಾಲಯ ನೆನಪಾಯಿತು, ಇದಕ್ಕಿಂತ ಮರ್ಯಾದೆಯಿಂದ ಹೇಳಲು ನನಗೆ ಬರುವುದಿಲ್ಲ. ಪಕ್ಕದಲ್ಲಿ ಬ್ರೆನ್ನಿವಿನ್ ಅನ್ನುವ ಸೋಂಪಿನಂಥ ವಾಸನೆಯ ಮದ್ಯ ಇಡುವುದು ಸುಮ್ನೆ ಅಲ್ಲ. ಅಲ್ಲಿಯವರೂ ಇದನ್ನು ದಿನಾ ತಿನ್ನುವುದಿಲ್ಲ, ಹೆಚ್ಚಾಗಿ ಚಳಿಗಾಲದ ಥೋರಾಬ್ಲೋಟ್ ಹಬ್ಬದೂಟಕ್ಕೆ. ಒಂದು ತುಂಡು ನೋಡಿ, ಸಾಕು.

ಆದರೆ ನಗುವ ಮೊದಲು ಒಂದು ಮಾತು. ಉಪ್ಪು ಮಾಡಲು ಸಮುದ್ರದ ನೀರು ಕಾಯಿಸಬೇಕು, ಕಾಯಿಸಲು ಸೌದೆ ಬೇಕು. ಸೌದೆಗೇ ಬರ ಇದ್ದ ದ್ವೀಪ ಅದು. ಹಾಗಾಗಿ ಸ್ಕಿರ್ ಬಸಿದ ಹುಳಿನೀರಿನಲ್ಲಿ ಮಾಂಸ ನೆನೆಹಾಕಿದರು, ಗಾಳಿಗೆ ಮೀನು ಒಣಗಿಸಿದರು, ಒಣಗಿದ ಕುರಿಹಿಕ್ಕೆ ಉರಿಸಿ ಅದರ ಹೊಗೆಯಲ್ಲಿ ಮಾಂಸ ಇಟ್ಟರು. ಬೆರಣಿ ಒಲೆಯ ರೊಟ್ಟಿ ತಿಂದು ಬೆಳೆದ ನಮಗೆ ಇದು ಅಷ್ಟು ವಿಚಿತ್ರ ಅನಿಸಬಾರದು.

ಡಬ್ಲಿನ್‌ನಿಂದ

ಎರಡೇ ವಿಷಯ. ರೇಕ್ಯಾವಿಕ್‌ನಲ್ಲಿ 1937ರಿಂದ ಇರುವ ಬೇಯರಿನ್ಸ್ ಬೆಸ್ತು ಅನ್ನುವ ಹಾಟ್‌ಡಾಗ್ ಗಾಡಿಗೆ ಎಲ್ಲರೂ ಸಾಲು ನಿಲ್ಲುತ್ತಾರೆ. "ಏಯ್ನಾ ಮೆದ್ ಉತ್ಲು", ಎಲ್ಲ ಹಾಕಿ ಒಂದು ಕೊಡಿ ಅಂತ ಕೇಳುವುದು ರೂಢಿ. ಕುರಿಮಾಂಸದ್ದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದರಲ್ಲಿ ದನ, ಹಂದಿ ಎರಡೂ ಬೆರೆತಿರುತ್ತವೆ. ನೀವು ಅವೆರಡೂ ತಿನ್ನುವುದಿಲ್ಲ ಅಂದಿರಿ, ಅದಕ್ಕೇ ಹೇಳಿದೆ. ನನಗೆ ತಿಂದ ಮೇಲೆ ಗೊತ್ತಾಯಿತು.

ಅದರ ಬದಲು ಕ್ಯೋತ್‌ಸೂಪಾ ಕುಡಿಯಿರಿ. ಕುರಿಮಾಂಸ, ಆಲೂಗಡ್ಡೆ, ಕ್ಯಾರೆಟ್, ಗಡ್ಡೆ ಹಾಕಿದ ತಿಳಿ ಸಾರು. ನೀವು ಹೋಗುವುದು ಸೆಪ್ಟೆಂಬರ್, ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇದ ಕುರಿಗಳನ್ನು ಕೆಳಗೆ ಅಟ್ಟಿಕೊಂಡು ಬರುವ ತಿಂಗಳು. ದೊಡ್ಡ ದುಂಡು ದೊಡ್ಡಿಯಲ್ಲಿ ಕೂಡಿ, ಕಿವಿಯ ಗುರುತು ನೋಡಿ ಯಾರದ್ದು ಯಾರಿಗೆ ಅಂತ ವಿಂಗಡಿಸುತ್ತಾರೆ. ರೆಟ್ಟಿರ್ ಅನ್ನುತ್ತಾರೆ. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದರೆ ಹಾರ್ನ್ ಹೊಡೆಯದೆ ನಿಂತು ನೋಡಿ.

ಅಮ್ಮನಿಗೆ ಇನ್ನೊಂದು: ಫ್ಲಾಟ್‌ಕಾಕಾ. ರೈ ಹಿಟ್ಟಿನ ತೆಳು ರೊಟ್ಟಿ, ಕಪ್ಪು ಸುಟ್ಟ ಕಲೆ ಸಮೇತ. ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ. ಅವರು ಹೊಗೆ ಹಾಕಿದ ಕುರಿಮಾಂಸ ಇಟ್ಟು ತಿನ್ನುತ್ತಾರೆ. ನಾವು ಬಾಣಲೆಯಲ್ಲಿ ಬಿಸಿ ಮಾಡಿ, ಬೆಣ್ಣೆ, ಶೇಂಗಾ ಚಟ್ನಿಪುಡಿ ಹಚ್ಚಿ ತಿಂದೆವು. ಕ್ಲೇನಾ ಅನ್ನುವ ಕರಿದ ತಿಂಡಿಯಲ್ಲಿ ಏಲಕ್ಕಿ ಘಮ ಬರುತ್ತದೆ, ಆದರೆ ಮೊಟ್ಟೆ ಇರುತ್ತದೆ. ಅಮ್ಮನಿಗೆ ವಾಸನೆ ಮಾತ್ರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹಾಟ್‌ಡಾಗ್ ವಿಷಯ ಗೊತ್ತೇ ಇರಲಿಲ್ಲ. ಹೆಂಡತಿ ಈಗಲೇ ಒಣಮೀನಿನ ಲೆಕ್ಕ ಹಾಕುತ್ತಿದ್ದಾಳೆ, ಕಾರಿನಲ್ಲಿ ಬೇಡ ಅಂತ ಹೇಳಿದ್ದೇನೆ. ಸಾಮಾನು ಎಲ್ಲಿ ತೆಗೆದುಕೊಳ್ಳುವುದು? ಊರಿಂದ ಏನೇನು ಒಯ್ಯಬೇಕು? ಅಮ್ಮ ಪುಟ್ಟ ಕುಕ್ಕರ್ ಬೇಕೇ ಬೇಕು ಅನ್ನುತ್ತಿದ್ದಾರೆ.

ಸ್ಟಾಕ್‌ಹೋಮ್‌ನಿಂದ

ಕುಕ್ಕರ್ ಬಿಡಿ, ಪಾತ್ರೆ ಅಲ್ಲೇ ಇರುತ್ತದೆ. ಬೇಳೆ ಬೇಯುವುದು ನಿಧಾನ ಅನ್ನುವುದೇ ಚಿಂತೆಯಾದರೆ ಹೆಸರುಬೇಳೆ ಒಯ್ಯಿರಿ. ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಇಂಗು, ಸಾಸಿವೆ, ಒಂದಿಷ್ಟು ಅವಲಕ್ಕಿ. ಉಪ್ಪಿನಕಾಯಿಗೆ ಎರಡು ಕವರ್ ಹಾಕಿ, ನಮ್ಮದು ಒಂದು ಸ್ವೆಟರ್‌ಗೆ ಬಲಿ ತೆಗೆದುಕೊಂಡಿತು. ಅಕ್ಕಿ, ಹಾಲು, ತರಕಾರಿ ಬೋನುಸ್ ಅನ್ನುವ ಅಂಗಡಿಯಲ್ಲಿ, ಹಳದಿ ಬೋರ್ಡಿನ ಮೇಲೆ ಗುಲಾಬಿ ಹಂದಿ ಇರುತ್ತದೆ. ಅಮ್ಮನಿಗೆ ಮೊದಲೇ ಹೇಳಿಬಿಡಿ, ಅದು ಬರೀ ಗುರುತು, ಅಂಗಡಿ ಕಿರಾಣಿಯದ್ದೇ. ಬೆಳಗ್ಗೆ ಬೇಗ ತೆರೆಯುವುದಿಲ್ಲ. ದಕ್ಷಿಣಕ್ಕೆ ಹೊರಡುವವರು ಸೆಲ್ಫೋಸ್‌ನಲ್ಲೇ ತುಂಬಿಸಿಕೊಂಡುಬಿಡಿ, ಮುಂದೆ ಊರುಗಳು ದೂರ ದೂರ.

ಮತ್ತೆ ಒಗ್ಗರಣೆ. ಮೆಣಸಿನಕಾಯಿ ಘಾಟಿಗೆ ನಮ್ಮ ಕಾಟೇಜಿನ ಹೊಗೆ ಅಲಾರಂ ಕಿರುಚಿಕೊಂಡು, ಪಕ್ಕದ ಮನೆಯ ಅಜ್ಜ ಚಪ್ಪಲಿಯಲ್ಲೇ ಓಡಿಬಂದರು. ಕಿಟಕಿ ತೆರೆದು ಹಾಕಿ. ಅಲ್ಲಿಯ ಗಾಳಿಗೆ ಕಿಟಕಿ ಹಿಡಿದುಕೊಳ್ಳಲು ಒಬ್ಬರು ಬೇಕು, ಆ ಕೆಲಸ ನೀವು ಮಾಡಿ.